ಅಣ್ಣನ ಮಂಡಿ ಆಪರೇಷನ್ ಯಾಕೆ ತಡ, ಮಗಳು ಬ್ರಿಟನ್‌ಗೆ ಹೋಗಬೇಕಾ?

ಪ್ರಶ್ನೆ: ನಾನು ದಾವಣಗೆರೆ ಕಡೆಯ ನಿವೃತ್ತ ಮೇಷ್ಟ್ರು. ನನ್ನ ಅಣ್ಣ ಬಹಳ ವರ್ಷದಿಂದ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದಾರೆ. ಮಂಡಿ ಬದಲಿಸುವ ಆಪರೇಷನ್‌ಗೆ ಹೆಸರು ಬರೆಸಿ ಒಂದು ವರ್ಷ ದಾಟಿತು, ಇನ್ನೂ ಕರೆ ಬಂದಿಲ್ಲ. ಇತ್ತ ನನ್ನ ಮಗಳು ಎಂಬಿಬಿಎಸ್ ಮುಗಿಸಿದ್ದಾಳೆ, ಹೊರದೇಶದಲ್ಲಿ ಓದಿದ ಡಾಕ್ಟರುಗಳಿಗೆ ಬ್ರಿಟನ್ ಇಟ್ಟಿರುವ ಪ್ಲಾಬ್ ಪರೀಕ್ಷೆ ಬರೆದು ಅಲ್ಲಿಗೇ ಹೋಗುತ್ತೇನೆ ಎನ್ನುತ್ತಾಳೆ. ಅಷ್ಟು ಶ್ರೀಮಂತ ದೇಶದಲ್ಲಿ ಆಸ್ಪತ್ರೆಗೆ ದುಡ್ಡಿಲ್ಲವೇ? ಡಾಕ್ಟರುಗಳೇ ಯಾಕೆ ಮುಷ್ಕರ ಮಾಡುತ್ತಾರೆ? ಎಲ್ಲರಿಗೂ ಉಚಿತ ಎಂದರೆ ಕೊನೆಗೆ ಹೀಗೇ ಆಗೋದಾ? ಮಗಳನ್ನು ಕಳಿಸಲೋ ಬೇಡವೋ?

ಉತ್ತರ: ಮೇಷ್ಟ್ರೇ, ನಿಮ್ಮ ಮೂರನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ, ಯಾಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಟ್ಟಿದ್ದರಿಂದ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಗೆ, ಅಂದರೆ ಎನ್‌ಎಚ್‌ಎಸ್‌ಗೆ, ಈ ಗತಿ ಬಂದಿಲ್ಲ. ಆಸ್ಪತ್ರೆ ನಡೆಯಲು ಸುತ್ತಮುತ್ತ ಏನೇನು ಬೇಕೋ ಅವುಗಳ ದುಡ್ಡನ್ನು ಹತ್ತು ಹದಿನೈದು ವರ್ಷ ಬಿಗಿಹಿಡಿದರು. ಮನೆಗೆ ಬಂದು ಮುದುಕರನ್ನು ನೋಡಿಕೊಳ್ಳುವವರು, ಕಟ್ಟಡ, ಯಂತ್ರ, ನರ್ಸ್ ತರಬೇತಿ, ಇಂಥವು. ಅಲ್ಲಿ ಕಡಿದದ್ದು ಆಗ ಯಾರ ಕಣ್ಣಿಗೂ ಬೀಳಲಿಲ್ಲ. ಕೆಲವು ವರ್ಷ ಕಳೆದ ಮೇಲೆ ಅದರ ಭಾರವೆಲ್ಲ ಆಸ್ಪತ್ರೆಯ ಬಾಗಿಲಿಗೆ ಬಂತು, ಡಾಕ್ಟರು ನರ್ಸುಗಳ ತಲೆಯ ಮೇಲೆ ಕೂತಿತು. ನಿಮ್ಮ ಅಣ್ಣ ಕಾಯುತ್ತಿರುವುದೂ ಅದಕ್ಕೇ. ನಿಮ್ಮ ಮಗಳ ದಾರಿ ಇಕ್ಕಟ್ಟಾಗಿರುವುದೂ ಬಹಳ ಮಟ್ಟಿಗೆ ಅದಕ್ಕೇ.

ನಾನು ಇಂಗ್ಲೆಂಡಿನ ಒಂದು ಎನ್‌ಎಚ್‌ಎಸ್ ಆಸ್ಪತ್ರೆಯಲ್ಲಿ ವಯಸ್ಸಾದವರ ವಾರ್ಡಿನ ಡಾಕ್ಟರ್. ಹಾಗಾಗಿ ನನ್ನ ಉತ್ತರ ಆ ವಾರ್ಡಿನ ಕಡೆಗೆ ಸ್ವಲ್ಪ ಜಾಸ್ತಿ ವಾಲುತ್ತದೆ. ಆದರೆ ಇಡೀ ತೊಂದರೆ ಚೆನ್ನಾಗಿ ಕಾಣುವುದೂ ಅಲ್ಲಿಂದಲೇ.

ಹಳೆಯ ಕತೆ ಒಂದಿಷ್ಟು ಬೇಕು. ಎನ್‌ಎಚ್‌ಎಸ್ ಶುರುವಾದದ್ದು 1948ರ ಜುಲೈ 5ರಂದು. ಎರಡನೇ ಮಹಾಯುದ್ಧ ಮುಗಿದು ಮೂರೇ ವರ್ಷ, ದೇಶ ಸಾಲದಲ್ಲಿ ಮುಳುಗಿತ್ತು, ಊಟದ ಸಾಮಾನಿಗೂ ರೇಷನ್ ಇತ್ತು. ಅಂಥ ಹೊತ್ತಲ್ಲಿ ಆರೋಗ್ಯ ಮಂತ್ರಿ ಅನೈರಿನ್ ಬೆವನ್ ಇದನ್ನು ಕಟ್ಟಿ ನಿಲ್ಲಿಸಿದರು. ಅವರು ವೇಲ್ಸ್‌ನ ಟ್ರೆಡೆಗರ್ ಊರಿನವರು, ಹುಡುಗನಾಗಿದ್ದಾಗಲೇ ಕಲ್ಲಿದ್ದಲು ಗಣಿಗೆ ಇಳಿದವರು. ಆ ಊರಿನ ಗಣಿ ಕೆಲಸಗಾರರು ತಮ್ಮ ಕೂಲಿಯಲ್ಲಿ ಸ್ವಲ್ಪ ಸ್ವಲ್ಪ ಹಾಕಿ ಡಾಕ್ಟರು, ಔಷಧಿ, ಆಸ್ಪತ್ರೆಯ ಖರ್ಚು ನೋಡಿಕೊಳ್ಳುವ ಸಂಘ ಕಟ್ಟಿಕೊಂಡಿದ್ದರು. ಬೆವನ್ ಅದನ್ನೇ ಇಡೀ ದೇಶಕ್ಕೆ ಹರಡಿದರು ಎನ್ನಬಹುದು. ದುಡ್ಡು ತೆರಿಗೆಯಿಂದ ಬರುತ್ತದೆ. ಕಾಯಿಲೆ ಬಿದ್ದಾಗ ಯಾರೂ ಪರ್ಸ್ ತೆಗೆಯಬೇಕಾಗಿಲ್ಲ. 1951ರಲ್ಲಿ ಅವರದೇ ಸರ್ಕಾರ ಕನ್ನಡಕಕ್ಕೂ ಕಟ್ಟಿಸಿಕೊಳ್ಳುವ ಹಲ್ಲಿಗೂ ಹಣ ವಸೂಲಿ ಮಾಡಲು ಹೊರಟಿತು. ಬೆವನ್ ಮಂತ್ರಿ ಪದವಿ ಬಿಟ್ಟು ಎದ್ದು ಬಂದರು. ಅಂದರೆ ದುಡ್ಡಿನ ಜಗಳ ಇವತ್ತಿನದಲ್ಲ, ಎನ್‌ಎಚ್‌ಎಸ್‌ಗೆ ಮೂರು ತುಂಬುವ ಮೊದಲೇ ಶುರುವಾಗಿತ್ತು.

ಈಗ ನಿಮ್ಮ ಮೊದಲ ಪ್ರಶ್ನೆ. ದುಡ್ಡಿಲ್ಲವೇ?

ಇದೆ. ಇಂಗ್ಲೆಂಡ್ ಒಂದಕ್ಕೇ ವರ್ಷಕ್ಕೆ ಹತ್ತಿರ ಹತ್ತಿರ 20 ಸಾವಿರ ಕೋಟಿ ಪೌಂಡ್ ಆರೋಗ್ಯಕ್ಕೆ ಹೋಗುತ್ತದೆ. ಕೇಳಿದರೆ ಬಾಯಿ ಮೇಲೆ ಕೈ ಇಟ್ಟುಕೊಳ್ಳುವಷ್ಟು ದೊಡ್ಡ ಮೊತ್ತ. ಆದರೆ ಆರೋಗ್ಯದ ಖರ್ಚು ಎಲ್ಲ ದೇಶದಲ್ಲೂ ಪ್ರತಿ ವರ್ಷ ಏರುತ್ತಲೇ ಇರುತ್ತದೆ. ಜನ ಹೆಚ್ಚು ಕಾಲ ಬದುಕುತ್ತಾರೆ, ಹೊಸ ಔಷಧಿ ಬರುತ್ತದೆ, ಮೊದಲು ಆಗದಿದ್ದ ಆಪರೇಷನ್ ಈಗ ಆಗುತ್ತದೆ. ಎನ್‌ಎಚ್‌ಎಸ್‌ನ ಬಹುಪಾಲು ಆಯುಷ್ಯದಲ್ಲಿ ಬೆಲೆ ಏರಿಕೆ ಕಳೆದು ಸರಾಸರಿ ವರ್ಷಕ್ಕೆ ಶೇ 3.6ರಷ್ಟು ಹೆಚ್ಚು ಹಣ ಸಿಗುತ್ತಿತ್ತು. 2008ರ ಬ್ಯಾಂಕ್ ಕುಸಿತದ ನಂತರ 2010ರಲ್ಲಿ ಬಂದ ಸರ್ಕಾರ ಬಿಗಿ ಬಜೆಟ್ ಹಿಡಿಯಿತು. ಮುಂದಿನ ಸುಮಾರು ಹತ್ತು ವರ್ಷ ಆ ಏರಿಕೆ ಶೇ 1ರಿಂದ 1.5ರ ಆಸುಪಾಸಿಗೆ ಇಳಿಯಿತು.

'ನಾವು ಎನ್‌ಎಚ್‌ಎಸ್‌ಗೆ ಕತ್ತರಿ ಹಾಕಲೇ ಇಲ್ಲ' ಎಂದು ಆಗಿನ ಮಂತ್ರಿಗಳು ಹೇಳುತ್ತಿದ್ದರು. ಲೆಕ್ಕದ ಪುಸ್ತಕದಲ್ಲಿ ಅದು ನಿಜ. ವಾರ್ಡಿನಲ್ಲಿ ನಿಂತವರಿಗೆ ಕತ್ತರಿ ಬಿದ್ದದ್ದು ಗೊತ್ತಾಗುತ್ತಿತ್ತು. ರೋಗಿಗಳು ಶೇ 3ರ ವೇಗದಲ್ಲಿ ಹೆಚ್ಚುವಾಗ ದುಡ್ಡು ಶೇ 1ರ ವೇಗದಲ್ಲಿ ಹೆಚ್ಚಿದರೆ ಪ್ರತಿ ರೋಗಿಗೂ ಸಿಗೋದು ಕಡಿಮೆಯೇ ಅಲ್ವಾ? ಹೆಲ್ತ್ ಫೌಂಡೇಶನ್ ಎಂಬ ಸಂಸ್ಥೆ 2010ರಿಂದ 2019ರವರೆಗಿನ ಲೆಕ್ಕ ಹಾಕಿತ್ತು. ಯುರೋಪಿಯನ್ ಒಕ್ಕೂಟದ ಹಳೆಯ 14 ಸದಸ್ಯ ದೇಶಗಳ ಸರಾಸರಿಗಿಂತ ಬ್ರಿಟನ್ ತಲಾ ಶೇ 18ರಷ್ಟು ಕಡಿಮೆ ಖರ್ಚು ಮಾಡಿತ್ತು.

ಅದಕ್ಕಿಂತ ಕೆಟ್ಟದ್ದು ಇನ್ನೊಂದು ನಡೆಯಿತು. ಸರ್ಕಾರದ ಲೆಕ್ಕದಲ್ಲಿ ದಿನನಿತ್ಯದ ಖರ್ಚು ಒಂದು ಡಬ್ಬಿ, ಕಟ್ಟಡ, ಸ್ಕ್ಯಾನರ್, ಕಂಪ್ಯೂಟರಿನ ಬಂಡವಾಳ ಇನ್ನೊಂದು ಡಬ್ಬಿ. ಸಂಬಳ ಔಷಧಿಗೆ ದುಡ್ಡು ಸಾಲದಾದಾಗ ಎರಡನೇ ಡಬ್ಬಿಗೆ ಕೈ ಹಾಕಿದರು. ಸರ್ಜನ್ ಆರಾ ಡಾರ್ಜಿ 2024ರ ಸೆಪ್ಟೆಂಬರಿನಲ್ಲಿ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ ಇದರ ಲೆಕ್ಕವಿದೆ. 2014ರಿಂದ 2019ರ ನಡುವೆ ಹೀಗೆ 430 ಕೋಟಿ ಪೌಂಡ್ ತೆಗೆದಿದ್ದರು. ಬೇರೆ ಸಮಾನ ದೇಶಗಳಷ್ಟು ಬಂಡವಾಳ ಹಾಕಿದ್ದರೆ ಇನ್ನೂ 3,700 ಕೋಟಿ ಪೌಂಡ್ ಇರುತ್ತಿತ್ತು ಎಂದು ಅವರು ಬರೆದರು. ಇದರ ಫಲ ನೋಡಬೇಕೆಂದರೆ ಕಿಂಗ್ಸ್ ಲಿನ್ ಊರಿನ ಕ್ವೀನ್ ಎಲಿಜಬೆತ್ ಆಸ್ಪತ್ರೆಯ ಚಿತ್ರ ಹುಡುಕಿ ನೋಡಿ. ಹಗುರ ಕಾಂಕ್ರೀಟಿನ ಚಾವಣಿ ಬೀಳಬಾರದೆಂದು ಸಾವಿರಾರು ಊರುಗೋಲು ಕೊಟ್ಟು ನಿಲ್ಲಿಸಿದ್ದಾರೆ. ಕೆಳಗೆ ರೋಗಿಗಳು ಮಲಗಿದ್ದಾರೆ.

ಆ ಚಾವಣಿಗೂ ನಿಮ್ಮ ಅಣ್ಣನ ಮಂಡಿಗೂ ಏನು ಸಂಬಂಧ ಅನ್ನಿಸಬಹುದು. ಆಪರೇಷನ್ ಥಿಯೇಟರಿನ ಗಾಳಿಯಂತ್ರ ಕೆಟ್ಟರೆ ಅವತ್ತಿನ ಪಟ್ಟಿಯೆಲ್ಲ ರದ್ದು. ಹಳೆಯ ಎಂಆರ್‌ಐ ನಿಂತರೆ ಆ ದಿನದ ರೋಗಿಗಳೆಲ್ಲ ಮುಂದಿನ ತಿಂಗಳಿಗೆ. ಸರ್ಜನ್ ಇದ್ದಾರೆ, ಅರಿವಳಿಕೆ ಡಾಕ್ಟರ್ ಇದ್ದಾರೆ, ಇಬ್ಬರಿಗೂ ಸಂಬಳ ಹೋಗುತ್ತಿದೆ, ಕೆಲಸ ಮಾತ್ರ ಇಲ್ಲ. 2019ರಿಂದ ಈಚೆಗೆ ಆಸ್ಪತ್ರೆ ಸಿಬ್ಬಂದಿ ಚೆನ್ನಾಗಿಯೇ ಹೆಚ್ಚಿದ್ದಾರೆ, ಆದರೆ ಮುಗಿಯುವ ಕೆಲಸ ಅದೇ ಪ್ರಮಾಣದಲ್ಲಿ ಹೆಚ್ಚಿಲ್ಲ. 'ಡಾಕ್ಟರು ಸೋಮಾರಿಗಳಾಗಿದ್ದಾರೆ' ಎಂದು ಪತ್ರಿಕೆಗಳು ಬರೆದಾಗ ನನಗೆ ಹೊಟ್ಟೆ ಉರಿಯುವುದು ಇದಕ್ಕೇ.

ಈಗ ನನ್ನ ವಾರ್ಡಿಗೆ ಬರೋಣ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಎಂಬತ್ತೈದು ದಾಟಿದ ಅಜ್ಜಿಯೊಬ್ಬರು ಮನೆಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡು ಬರುತ್ತಾರೆ ಎಂದಿಟ್ಟುಕೊಳ್ಳಿ. ಆಪರೇಷನ್ ಬೇಗ ಆಗುತ್ತದೆ, ಅದನ್ನು ಇಲ್ಲಿ ಚೆನ್ನಾಗಿಯೇ ಮಾಡುತ್ತಾರೆ. ಎರಡು ವಾರದಲ್ಲಿ ವಾಕರ್ ಹಿಡಿದು ನಡೆಯುತ್ತಾರೆ. 'ಇವರು ಮನೆಗೆ ಹೋಗಬಹುದು' ಎಂದು ನಾನು ಬರೆಯುತ್ತೇನೆ. ಆದರೆ ಮನೆಯಲ್ಲಿ ಯಾರೂ ಇಲ್ಲ. ಬೆಳಗ್ಗೆ ಎಬ್ಬಿಸಿ, ಸ್ನಾನ ಮಾಡಿಸಿ, ತಿಂಡಿ ಕೊಡಲು ಒಬ್ಬರು ಬರಬೇಕು. ರಾತ್ರಿ ಮಲಗಿಸಲು ಇನ್ನೊಮ್ಮೆ ಬರಬೇಕು. ಅವರನ್ನು ಇಲ್ಲಿ ಕೇರರ್ ಎನ್ನುತ್ತಾರೆ. ಅವರ ವ್ಯವಸ್ಥೆ ಎನ್‌ಎಚ್‌ಎಸ್ ಕೈಯಲ್ಲಿಲ್ಲ, ಊರಿನ ಕೌನ್ಸಿಲ್, ಅಂದರೆ ನಮ್ಮ ನಗರಸಭೆಯಂಥದ್ದರ ಕೈಯಲ್ಲಿದೆ. 2010ರ ನಂತರ ಕೇಂದ್ರ ಸರ್ಕಾರ ಜೋರಾಗಿ ಕತ್ತರಿ ಆಡಿಸಿದ್ದು ಈ ಕೌನ್ಸಿಲ್‌ಗಳ ಅನುದಾನಕ್ಕೆ. ಆಸ್ಪತ್ರೆಗೆ ಕೈ ಹಚ್ಚಿದರೆ ಜನ ಬೀದಿಗೆ ಬರುತ್ತಾರೆ. ಕೌನ್ಸಿಲ್‌ನ ದುಡ್ಡು ಕಡಿದರೆ ಪತ್ರಿಕೆಯ ಒಳಪುಟದಲ್ಲಿ ಬರುತ್ತದೆ, ಮುಗಿಯಿತು.

ಕೇರರ್ ಕೆಲಸಕ್ಕೆ ಸಂಬಳ ತೀರಾ ಕಡಿಮೆ. ಸೂಪರ್‌ಮಾರ್ಕೆಟಿನಲ್ಲಿ ಸಾಮಾನು ಜೋಡಿಸಿದರೆ ಅಷ್ಟೇ ಸಿಗುತ್ತದೆ, ಎಷ್ಟೋ ಸಲ ಜಾಸ್ತಿಯೇ. 2022ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಇಂಥ ಒಂದೂವರೆ ಲಕ್ಷಕ್ಕೂ ಹೆಚ್ಚು ಕೆಲಸ ಖಾಲಿ ಬಿದ್ದಿದ್ದವು. ಆಗ ಕೇರರ್ ವೀಸಾ ತೆರೆದರು. ಭಾರತದಿಂದ, ಆಫ್ರಿಕಾದಿಂದ ಜನ ಬಂದರು, ಅವರಲ್ಲಿ ಎಷ್ಟೋ ಮಂದಿ ಏಜೆಂಟರಿಗೆ ಲಕ್ಷಗಟ್ಟಲೆ ಕೊಟ್ಟು ಮೋಸ ಹೋದರು. 2025ರ ಜುಲೈನಲ್ಲಿ ಹೊರದೇಶದಿಂದ ಹೊಸ ಕೇರರ್‌ಗಳನ್ನು ಕರೆಸುವ ಆ ಬಾಗಿಲನ್ನೂ ಮುಚ್ಚಿದರು. ಸ್ವಂತ ದುಡ್ಡಿರುವವರು ತಾವೇ ಕೊಟ್ಟು ಇಟ್ಟುಕೊಳ್ಳಬೇಕು. 23,250 ಪೌಂಡ್‌ಗಿಂತ ಹೆಚ್ಚು ಆಸ್ತಿ ಇದ್ದರೆ ಇಂಗ್ಲೆಂಡಿನಲ್ಲಿ ಕೌನ್ಸಿಲ್ ಸಹಾಯ ಇಲ್ಲ. ಆ ಅಂಕಿ 2010ರಿಂದ ಕದಲಿಲ್ಲ. ಬದುಕಿಡೀ ದುಡಿದು ಕಟ್ಟಿದ ಮನೆ ಮುಪ್ಪಿನಲ್ಲಿ ಕೇರ್ ಹೋಮ್‌ಗೆ ಕರಗಬಾರದು, ಈ ಖರ್ಚಿಗೆ ಒಂದು ಮಿತಿ ಇಡಿ ಎಂದು 2011ರಲ್ಲೇ ಸಮಿತಿಯೊಂದು ಹೇಳಿತು. 2014ರಲ್ಲಿ ಕಾನೂನೂ ಆಯಿತು. ಮತ್ತೆ ಮತ್ತೆ ಮುಂದೂಡಿ 2024ರಲ್ಲಿ ಅದನ್ನು ಕೈಬಿಟ್ಟರು. ಒಂದು ಪಕ್ಷ ಮುಂದೂಡಿತು, ಇನ್ನೊಂದು ಕೈಬಿಟ್ಟಿತು.

ಹಾಗಾಗಿ ಅಜ್ಜಿ ವಾರ್ಡಿನಲ್ಲೇ ಉಳಿಯುತ್ತಾರೆ. ಇಂಗ್ಲೆಂಡಿನಲ್ಲಿ ಈಚಿನ ವರ್ಷಗಳಲ್ಲಿ ಬಹುತೇಕ ಯಾವ ದಿನ ಎಣಿಸಿದರೂ 12 ಸಾವಿರದಷ್ಟು ಬೆಡ್‌ಗಳಲ್ಲಿ ಮನೆಗೆ ಹೋಗಲು ತಯಾರಾದವರೇ ಇರುತ್ತಾರೆ. ಬಸ್ಸಿನಲ್ಲಿ ಇಳಿಯುವವರು ಇಳಿಯದೆ ಸ್ಟ್ಯಾಂಡಿನಲ್ಲಿ ನಿಂತವರು ಹತ್ತಲಾಗದ ಹಾಗೆ ಇದು. ವಾರ್ಡಿನಲ್ಲಿ ಬೆಡ್ ಬಿಡುವಿಲ್ಲ ಎಂದರೆ ಎಮರ್ಜೆನ್ಸಿಯಲ್ಲಿದ್ದವರನ್ನು ಮೇಲೆ ಕಳಿಸಲಾಗದು. ಎಮರ್ಜೆನ್ಸಿ ತುಂಬಿದರೆ ಆಂಬುಲೆನ್ಸ್ ಬಾಗಿಲಲ್ಲೇ ನಿಲ್ಲುತ್ತದೆ, ಒಳಗೆ ರೋಗಿ ಇರುತ್ತಾರೆ. ನಿಂತ ಆಂಬುಲೆನ್ಸ್ ಮುಂದಿನ ಕರೆಗೆ ಹೋಗಲಾಗದು. 2022ರ ಡಿಸೆಂಬರಿನಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ಕರೆಗಳಿಗೆ ಆಂಬುಲೆನ್ಸ್ ತಲುಪಲು ಸರಾಸರಿ ಒಂದೂವರೆ ಗಂಟೆ ಹಿಡಿಯಿತು. ಗುರಿ ಇದ್ದದ್ದು 18 ನಿಮಿಷ. ಆ ಚಳಿಗಾಲದಲ್ಲಿ ಕಾರಿಡಾರಿನ ಟ್ರಾಲಿಯ ಮೇಲೆ ಮುದುಕರನ್ನು ಪರೀಕ್ಷಿಸಿದ್ದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಮೂತ್ರಕ್ಕೆ ಹೋಗಬೇಕು ಎಂದರೂ ಮರೆ ಇರಲಿಲ್ಲ.

ಬೆಡ್‌ಗಳೂ ಕಡಿಮೆಯಾಗಿವೆ. 1987-88ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 2.99 ಲಕ್ಷ ಬೆಡ್ ಇದ್ದವು, 2019-20ಕ್ಕೆ 1.41 ಲಕ್ಷ. ಇದರಲ್ಲಿ ಒಂದಷ್ಟು ಸರಿಯಾದದ್ದೇ. ಹಳೆಯ ಮಾನಸಿಕ ಆಸ್ಪತ್ರೆಗಳನ್ನು ಮುಚ್ಚಿದರು, ಕಣ್ಣಿನ ಪೊರೆಯಂಥ ಆಪರೇಷನ್ ಮುಗಿಸಿ ಅದೇ ದಿನ ಮನೆಗೆ ಹೋಗುವಂತಾಯಿತು. ಆದರೆ 'ಮನೆಯಲ್ಲೇ ನೋಡಿಕೊಳ್ಳುತ್ತೇವೆ' ಎಂದು ಬೆಡ್ ತೆಗೆದವರು ಮನೆಯಲ್ಲಿ ನೋಡಿಕೊಳ್ಳುವ ಜನಕ್ಕೆ ದುಡ್ಡು ಕೊಡಲಿಲ್ಲ.

ಮಂಡಿ ಆಪರೇಷನ್ ಮೊದಲೇ ದಿನ ಗೊತ್ತು ಮಾಡಿ ಮಾಡುವಂಥದ್ದು. ಎಮರ್ಜೆನ್ಸಿ ಒತ್ತಿ ಬಂದಾಗ ಮೊದಲು ಮುಂದಕ್ಕೆ ಹೋಗುವುದು ಅದೇ. ಕೋವಿಡ್‌ಗೆ ಮೊದಲೇ, 2020ರ ಆರಂಭದಲ್ಲೇ, ಇಂಗ್ಲೆಂಡಿನ ಕಾಯುವ ಪಟ್ಟಿಯಲ್ಲಿ ಸುಮಾರು 46 ಲಕ್ಷ ಹೆಸರಿದ್ದವು. 2023ರ ಸೆಪ್ಟೆಂಬರಿಗೆ 77 ಲಕ್ಷ ದಾಟಿತು. ಆಮೇಲೆ ನಿಧಾನವಾಗಿ ಇಳಿಯುತ್ತಿದ್ದರೂ 2025ರಲ್ಲಿ 70 ಲಕ್ಷದ ಮೇಲೆಯೇ ಇತ್ತು. ನೂರರಲ್ಲಿ 92 ಜನರಿಗೆ 18 ವಾರದೊಳಗೆ ಚಿಕಿತ್ಸೆ ಶುರುವಾಗಬೇಕು ಎಂಬುದು ನಿಯಮ. ಸುಮಾರು ಹತ್ತು ವರ್ಷದಿಂದ ಅದನ್ನು ಮುಟ್ಟಿಲ್ಲ.

ಉಳಿಸಲು ಹೋಗಿ ಕಳೆದುಕೊಂಡ ಇನ್ನೊಂದು ಉದಾಹರಣೆ ನರ್ಸುಗಳದು. ನರ್ಸಿಂಗ್ ವಿದ್ಯಾರ್ಥಿಗಳಿಗೆ ಇಲ್ಲಿ ಫೀಸ್ ಇರಲಿಲ್ಲ, ಖರ್ಚಿಗೂ ಒಂದಿಷ್ಟು ಸಿಗುತ್ತಿತ್ತು. 2017ರಲ್ಲಿ ಇಂಗ್ಲೆಂಡಿನಲ್ಲಿ ಅದನ್ನು ನಿಲ್ಲಿಸಿ ಸಾಲ ಮಾಡಿ ಓದಿ ಎಂದರು. ಅರ್ಜಿಗಳು ಬಿದ್ದುಹೋದವು. 2020ರಲ್ಲಿ ವರ್ಷಕ್ಕೆ 5,000 ಪೌಂಡ್ ಕೊಡುತ್ತೇವೆ ಎಂದು ಅರ್ಧ ದಾರಿ ಹಿಂದೆ ಬಂದರು. ಆ ನಡುವೆ ಖಾಲಿ ಜಾಗಕ್ಕೆ ಏಜೆನ್ಸಿಯಿಂದ ನರ್ಸು, ಡಾಕ್ಟರನ್ನು ದುಬಾರಿಗೆ ತಂದರು. 2022-23ರ ಒಂದೇ ವರ್ಷದಲ್ಲಿ ಏಜೆನ್ಸಿಗಳಿಗೆ ಹೋದದ್ದು ಸುಮಾರು 350 ಕೋಟಿ ಪೌಂಡ್. ಅದೇ ಚಳಿಗಾಲದಲ್ಲಿ ನರ್ಸುಗಳ ಸಂಘ, ರಾಯಲ್ ಕಾಲೇಜ್ ಆಫ್ ನರ್ಸಿಂಗ್, ತನ್ನ ನೂರು ವರ್ಷ ದಾಟಿದ ಇತಿಹಾಸದಲ್ಲೇ ಅಷ್ಟು ದೊಡ್ಡ ಮುಷ್ಕರಕ್ಕೆ ಇಳಿಯಿತು.

ಇನ್ನು ಡಾಕ್ಟರ ಮುಷ್ಕರ. 2016ರಲ್ಲಿ ಕೆಲಸದ ಕರಾರಿನ ಮೇಲೆ ಕಿರಿಯ ಡಾಕ್ಟರುಗಳು ಹೊರಗೆ ಬಂದಿದ್ದರು. 2023ರ ಮಾರ್ಚಿನಿಂದ ಸಂಬಳದ ಮೇಲೆ ಸಾಲು ಸಾಲು ಮುಷ್ಕರ ನಡೆದವು. 2024ರ ಜನವರಿಯದು ಆರು ದಿನ, ಎನ್‌ಎಚ್‌ಎಸ್ ಇತಿಹಾಸದಲ್ಲೇ ಉದ್ದದ್ದು. 2008ರಿಂದ ನಮ್ಮ ಸಂಬಳದ ಬೆಲೆ ಕಾಲು ಭಾಗಕ್ಕೂ ಹೆಚ್ಚು ಕರಗಿದೆ ಎಂಬುದು ಅವರ ಸಂಘ ಬಿಎಂಎಯ ವಾದ. ಬೆಲೆ ಏರಿಕೆಯನ್ನು ಯಾವ ಅಳತೆಯಲ್ಲಿ ಅಳೆಯುತ್ತೀರಿ ಎನ್ನುವುದರ ಮೇಲೆ ಆ ಅಂಕಿ ಬದಲಾಗುತ್ತದೆ, ಸರ್ಕಾರದ ಅಳತೆಯಲ್ಲಿ ನಷ್ಟ ಕಡಿಮೆ ಕಾಣುತ್ತದೆ. ಆದರೆ ನಷ್ಟ ಆಗಿದೆ ಎನ್ನುವುದರಲ್ಲಿ ಜಗಳವಿಲ್ಲ. 2024ರ ಸೆಪ್ಟೆಂಬರಿನಲ್ಲಿ ಎರಡು ವರ್ಷಕ್ಕೆ ಸೇರಿ ಸರಾಸರಿ ಶೇ 22.3 ಏರಿಕೆಗೆ ಒಪ್ಪಿದರು. 2025ರ ಜುಲೈನಲ್ಲಿ ಮತ್ತೆ ಐದು ದಿನ ಮುಷ್ಕರ, ನವೆಂಬರ್, ಡಿಸೆಂಬರಿನಲ್ಲಿ ಮತ್ತೆ.

ಮುಷ್ಕರದ ದಿನ ಅವರ ಕೆಲಸವನ್ನು ನಮ್ಮಂಥ ಹಿರಿಯರು ಮಾಡುತ್ತೇವೆ. ರಾತ್ರಿ ಪಾಳಿಯಲ್ಲಿ ಬೀಪರ್ ಹಿಡಿದು ಓಡಾಡುವಾಗ ನನಗೆ ಕಿರಿಯರ ಮೇಲೆ ಸಿಟ್ಟು ಬರುವುದಿಲ್ಲ. ರದ್ದಾದ ಅಪಾಯಿಂಟ್‌ಮೆಂಟಿನಿಂದ ರೋಗಿಗಳಿಗೆ ನೋವಾಗುತ್ತದೆ, ಅದು ನಿಜ, ಅದನ್ನು ಹಗುರ ಮಾಡಲಾರೆ. ಆದರೆ ಒಬ್ಬಳೇ ಹುಡುಗಿ ರಾತ್ರಿ ನಾಲ್ಕು ವಾರ್ಡ್ ನೋಡಿಕೊಂಡು, ಬೆಳಗ್ಗೆ ಪರೀಕ್ಷೆಗೆ ಸ್ವಂತ ದುಡ್ಡು ಕಟ್ಟಿ, ಆರು ತಿಂಗಳಿಗೊಮ್ಮೆ ಊರು ಬದಲಿಸಿಕೊಂಡು ಬದುಕುವುದನ್ನು ನೋಡಿದವರು 'ಸುಮ್ನೆ ಕೆಲಸ ಮಾಡಿ' ಎನ್ನಲಾರರು. ಎಷ್ಟೋ ಜನ ಸದ್ದಿಲ್ಲದೆ ಆಸ್ಟ್ರೇಲಿಯಾಕ್ಕೆ ಹೋಗಿದ್ದಾರೆ.

ಈಗ ಅವರ ಸಿಟ್ಟು ಬರೀ ಸಂಬಳದ ಮೇಲಿಲ್ಲ. ನಿಮ್ಮ ಮಗಳಿಗೆ ಸಂಬಂಧಿಸಿದ್ದು ಇಲ್ಲೇ ಬರುತ್ತದೆ, ಗಮನ ಇಟ್ಟು ಓದಿ. ಇಲ್ಲಿ ಡಾಕ್ಟರಾಗಿ ಮೊದಲ ಎರಡು ವರ್ಷ ಕಳೆದ ಮೇಲೆ ಸ್ಪೆಷಾಲಿಟಿ ತರಬೇತಿಯ ಹುದ್ದೆ ಸಿಗಬೇಕು. ನಮ್ಮಲ್ಲಿ ಪಿಜಿ ಸೀಟ್ ಇದ್ದ ಹಾಗೆ. 2025ರಲ್ಲಿ ಅಂಥ ಸುಮಾರು 10 ಸಾವಿರ ಹುದ್ದೆಗೆ 30 ಸಾವಿರಕ್ಕೂ ಹೆಚ್ಚು ಡಾಕ್ಟರು ಅರ್ಜಿ ಹಾಕಿದರು. ಮೆಡಿಕಲ್ ಕಾಲೇಜ್ ಸೀಟ್ ಹೆಚ್ಚಿಸಿದರು, ಹೊರದೇಶದವರನ್ನೂ ಕರೆದರು, ಆದರೆ ತರಬೇತಿ ಹುದ್ದೆಗೆ ದುಡ್ಡು ಅದೇ ವೇಗದಲ್ಲಿ ಇಡಲಿಲ್ಲ. ಡಾಕ್ಟರಿಲ್ಲ ಎಂದು ರೋಗಿಗಳು ಕಾಯುವಾಗಲೇ ಕೆಲಸವಿಲ್ಲ ಎಂದು ಡಾಕ್ಟರುಗಳು ಅಲೆಯುತ್ತಾರೆ. ಜಿಪಿಗಳಿಗೂ, ಅಂದರೆ ಕಾಯಿಲೆ ಬಂದಾಗ ಮೊದಲು ಹೋಗುವ ಊರಿನ ಕ್ಲಿನಿಕ್‌ನ ಡಾಕ್ಟರುಗಳಿಗೂ, ಹೀಗೇ ಆಯಿತು. ಊರಿನ ಕ್ಲಿನಿಕ್‌ಗಳಿಗೆ ಫಾರ್ಮಸಿಸ್ಟ್, ಫಿಸಿಯೋ ಮೊದಲಾದವರನ್ನು ಸೇರಿಸಿಕೊಳ್ಳಲು 2019ರಿಂದ ಒಂದು ನಿಧಿ ಕೊಟ್ಟರು. ಆ ದುಡ್ಡಿನಲ್ಲಿ ಡಾಕ್ಟರನ್ನು ಮಾತ್ರ ಸೇರಿಸಿಕೊಳ್ಳುವಂತಿರಲಿಲ್ಲ! ಜಿಪಿ ನೋಡಲು ವಾರಗಟ್ಟಲೆ ಕಾಯುವ ಊರಲ್ಲೇ ಹೊಸದಾಗಿ ಓದಿ ಬಂದ ಜಿಪಿಗಳು ನಿರುದ್ಯೋಗಿಗಳಾದರು. 2024ರಲ್ಲಿ ಆ ನಿಯಮ ಸಡಿಲಿಸಿದರು.

ಹಾಗಾಗಿ ಮಗಳ ವಿಷಯದಲ್ಲಿ ನನ್ನ ಮಾತು ಇದು. ಎನ್‌ಎಚ್‌ಎಸ್ ನಿಂತಿರುವುದೇ ಹೊರಗಿನಿಂದ ಬಂದ ಡಾಕ್ಟರುಗಳ ಮೇಲೆ. ಐವತ್ತು ಅರವತ್ತು ವರ್ಷದ ಹಿಂದೆ ಇಲ್ಲಿನವರು ಹೋಗಲು ಒಪ್ಪದ ವೇಲ್ಸ್‌ನ ಗಣಿ ಊರುಗಳಿಗೆ, ವೃದ್ಧರ ವಾರ್ಡುಗಳಿಗೆ, ಮಾನಸಿಕ ಆಸ್ಪತ್ರೆಗಳಿಗೆ ಭಾರತ ಉಪಖಂಡದವರೇ ಹೋದರು, ನಮ್ಮ ಕನ್ನಡದವರೂ ಹೋದರು. ಈಗಲೂ ಇಲ್ಲಿನ ಡಾಕ್ಟರಲ್ಲಿ ಮೂರರಲ್ಲಿ ಒಂದು ಪಾಲಿಗೂ ಹೆಚ್ಚು ಮಂದಿ ಬೇರೆ ದೇಶದಲ್ಲಿ ಓದಿದವರು. ಆದರೆ 2025ರ ಜುಲೈನಲ್ಲಿ ಬಂದ ಸರ್ಕಾರದ ಹತ್ತು ವರ್ಷದ ಯೋಜನೆ, ತರಬೇತಿ ಹುದ್ದೆಗಳಲ್ಲಿ ಇಲ್ಲೇ ಓದಿದವರಿಗೆ ಮೊದಲ ಆದ್ಯತೆ ಎಂದು ಹೇಳಿದೆ. ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಇದರಿಂದಲೇ ಗೊತ್ತಾಗುತ್ತದೆ.

ಪ್ಲಾಬ್ ಪಾಸಾದರೆ ಜಿಎಂಸಿ, ಅಂದರೆ ಇಲ್ಲಿನ ವೈದ್ಯಕೀಯ ಮಂಡಳಿಯ ನೋಂದಣಿ ಸಿಗುತ್ತದೆ, ಆದರೆ ಕೆಲಸ ಸಿಗುತ್ತದೆ ಎಂಬ ಖಾತ್ರಿ ಇಲ್ಲ. ಮೊದಲ ಭಾಗವನ್ನು ಭಾರತದಲ್ಲೇ ಬರೆಯಬಹುದು. ಎರಡನೆಯದಕ್ಕೆ ಮ್ಯಾಂಚೆಸ್ಟರಿಗೇ ಬರಬೇಕು. ಇಂಗ್ಲಿಷ್ ಪರೀಕ್ಷೆ, ಶುಲ್ಕ, ವಿಮಾನ, ಬಾಡಿಗೆ ಎಲ್ಲ ಸೇರಿ ಲಕ್ಷಗಟ್ಟಲೆ ಆಗುತ್ತದೆ. ಆಮೇಲೆ ಒಂದು ಕಿರಿಯ ಹುದ್ದೆಯ ಜಾಹೀರಾತು ಬಿದ್ದರೆ ಕೆಲವೇ ಗಂಟೆಯಲ್ಲಿ ನೂರಾರು ಅರ್ಜಿ ಬಂದು ಲಿಂಕ್ ಮುಚ್ಚುತ್ತದೆ. ಪಾಸಾಗಿ, ಕೆಲಸ ಸಿಗದೆ, ಒಂದು ರೂಮಿನಲ್ಲಿ ನಾಲ್ಕು ಜನ ಇದ್ದು ಊರಿಂದ ದುಡ್ಡು ತರಿಸಿಕೊಳ್ಳುವ ಬುದ್ಧಿವಂತ ಮಕ್ಕಳನ್ನು ನಾನು ನೋಡಿದ್ದೇನೆ. ಅವರಲ್ಲಿ ಯಾವ ಕೊರತೆಯೂ ಇರಲಿಲ್ಲ. ದಯವಿಟ್ಟು ಜಮೀನು ಮಾರಿ, ಸಾಲ ಮಾಡಿ ಈ ಪರೀಕ್ಷೆಗೆ ಕಳಿಸಬೇಡಿ.

ಅವಳಿಗೆ ಬ್ರಿಟನ್ ಬೇಕೇ ಬೇಕು ಎಂದರೆ ಇನ್ನೊಂದು ದಾರಿ ಗಟ್ಟಿ. ಭಾರತದಲ್ಲೇ ಎಂಡಿ ಅಥವಾ ಡಿಎನ್‌ಬಿ ಮುಗಿಸಲಿ. ಮೆಡಿಸಿನ್ ಆದರೆ ಅದರ ಜೊತೆಗೇ ಎಂಆರ್‌ಸಿಪಿ ಎಂಬ ಬ್ರಿಟನ್ನಿನ ಪರೀಕ್ಷೆ ಬರೆಯಬಹುದು, ಭಾರತದಲ್ಲೇ ಪರೀಕ್ಷಾ ಕೇಂದ್ರಗಳಿವೆ. ಅದು ಪೂರ್ತಿಯಾದರೆ ಜಿಎಂಸಿ ನೋಂದಣಿಗೆ ಪ್ಲಾಬ್ ಬೇಕಾಗಿಲ್ಲ. ಕೈಯಲ್ಲಿ ಒಂದು ವಿದ್ಯೆ, ನಾಲ್ಕು ವರ್ಷದ ಅನುಭವ ಇಟ್ಟುಕೊಂಡು ಬರುವವರಿಗೆ ಈಗಲೂ ಕೆಲಸವಿದೆ. ಎರಡು ವರ್ಷ ಕಲಿತು ವಾಪಸ್ ಹೋಗುವ ಮೆಡಿಕಲ್ ಟ್ರೈನಿಂಗ್ ಇನಿಶಿಯೇಟಿವ್ ಎಂಬ ಯೋಜನೆಯೂ ಇದೆ. ಬಂದು ನೋಡಿ ಇಷ್ಟವಾಗದಿದ್ದರೆ ಊರಿಗೆ ಮರಳಿದಾಗ ಅವಳ ಎಂಡಿ ಎಲ್ಲೂ ಹೋಗುವುದಿಲ್ಲ. ಸಂಬಳದ ಅಂದಾಜು ಬೇಕೆಂದರೆ, 2025-26ರಲ್ಲಿ ಇಂಗ್ಲೆಂಡಿನ ಮೊದಲ ವರ್ಷದ ಡಾಕ್ಟರಿಗೆ ಮೂಲ ಸಂಬಳ ವರ್ಷಕ್ಕೆ 38,831 ಪೌಂಡ್. ರಾತ್ರಿ ಪಾಳಿಗೆ ಮೇಲೆ ಸೇರುತ್ತದೆ. ರೂಪಾಯಿಗೆ ಗುಣಿಸಿ ನೋಡಬೇಡಿ. ಬಾಡಿಗೆ, ತೆರಿಗೆ, ಚಳಿಗಾಲದ ಗ್ಯಾಸ್ ಬಿಲ್ ಎಲ್ಲ ಪೌಂಡಿನಲ್ಲೇ ಬರುತ್ತದೆ.

ಉಚಿತ ಎಂದರೆ ಹೀಗೇ ಆಗೋದಾ ಎಂದಿರಿ. ಎನ್‌ಎಚ್‌ಎಸ್ ಬಗ್ಗೆ ತೃಪ್ತಿ ಇದೆ ಎನ್ನುವವರು ಬ್ರಿಟನ್ನಿನಲ್ಲಿ 2010ರಲ್ಲಿ ನೂರಕ್ಕೆ 70 ಇದ್ದರು, 2024ರಲ್ಲಿ 21ಕ್ಕೆ ಇಳಿದರು. ಗಮನಿಸಿ, 2010ರಲ್ಲೂ ಅದು ಉಚಿತವೇ ಆಗಿತ್ತು. ಈಗಲೂ ಇಲ್ಲಿನ ಬಹುಪಾಲು ಜನ ಅದು ಎಲ್ಲರಿಗೂ ಉಚಿತವಾಗಿಯೇ ಇರಲಿ, ತೆರಿಗೆಯಿಂದಲೇ ನಡೆಯಲಿ ಎನ್ನುತ್ತಾರೆ. ಕ್ಯಾನ್ಸರ್ ಬಂತೆಂದು ಇಲ್ಲಿ ಯಾರೂ ಮನೆ ಅಡ ಇಡುವುದಿಲ್ಲ. ನಮ್ಮ ಭಾರತದಲ್ಲಿ 2021-22ರ ಲೆಕ್ಕದಂತೆ ಆರೋಗ್ಯದ ಒಟ್ಟು ಖರ್ಚಿನಲ್ಲಿ ಶೇ 39.4 ಜನರ ಜೇಬಿನಿಂದಲೇ ಹೋಗುತ್ತದೆ. ಸರ್ಕಾರಗಳ ಪಾಲು ಜಿಡಿಪಿಯ ಶೇ 1.84. ಅದನ್ನು 2025ರೊಳಗೆ ಶೇ 2.5 ಮಾಡುತ್ತೇವೆ ಎಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಹೇಳಿತ್ತು.

ಊರಲ್ಲಿ ಹೊಸ ಸೂಪರ್ ಸ್ಪೆಷಾಲಿಟಿ ಕಟ್ಟಡದ ಉದ್ಘಾಟನೆ ಓದಿದಾಗ ನನಗೆ ಖುಷಿಗಿಂತ ಭಯ ಜಾಸ್ತಿ. 2025ರ ಜನವರಿಯ ಚಳಿಯಲ್ಲಿ ಆಶಾ ಕಾರ್ಯಕರ್ತೆಯರು ತಿಂಗಳ ಗೌರವಧನ ಖಾತ್ರಿ ಮಾಡಿ ಎಂದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲೂ ರಾತ್ರಿ ಕೂತಿದ್ದರಲ್ಲ, ಇಲ್ಲಿನ ಕೇರರ್‌ಗಳ ಜಾಗದಲ್ಲಿ ನಮ್ಮಲ್ಲಿರುವವರು ಅವರು. ಬಾಣಂತಿಯ ಮನೆಗೆ ಹೋಗುವವರು, ಬಿಪಿ ಮಾತ್ರೆ ಬಿಟ್ಟ ಮುದುಕನನ್ನು ಹುಡುಕಿ ಹೋಗುವವರು ಅವರೇ. ಅವರ ಕೈಗೆ ದುಡ್ಡು ಸರಿಯಾಗಿ ಸೇರದಿದ್ದರೆ ಜಿಲ್ಲಾಸ್ಪತ್ರೆಯ ಕಾರಿಡಾರ್ ತುಂಬುತ್ತದೆ. ಇಂಗ್ಲೆಂಡಿನಲ್ಲಿ ನಾನು ನೋಡಿದ್ದು ಅದನ್ನೇ.

ಕೊನೆಗೆ ನಿಮ್ಮ ಅಣ್ಣ. ಅವರು ಸುಮ್ಮನೆ ಪತ್ರ ಕಾಯುತ್ತಾ ಕೂರಬಾರದು. 18 ವಾರ ದಾಟಿದವರಿಗೆ ಬೇರೆ ಆಸ್ಪತ್ರೆಯಲ್ಲಿ ಮಾಡಿಸಿಕೊಡಿ ಎಂದು ಕೇಳುವ ಹಕ್ಕು ಎನ್‌ಎಚ್‌ಎಸ್ ಸಂವಿಧಾನದಲ್ಲಿ, ಅಂದರೆ ರೋಗಿಗಳ ಹಕ್ಕುಗಳನ್ನು ಬರೆದಿಟ್ಟ ದಾಖಲೆಯಲ್ಲಿ, ಇದೆ. ಎನ್‌ಎಚ್‌ಎಸ್ ಜೊತೆ ಕರಾರಿರುವ ಖಾಸಗಿ ಆಸ್ಪತ್ರೆಯನ್ನೂ ಆರಿಸಬಹುದು, ಅಲ್ಲೂ ಅವರು ಒಂದು ಪೆನ್ನಿಯೂ ಕೊಡಬೇಕಾಗಿಲ್ಲ. ಮೊದಲು ಆಸ್ಪತ್ರೆಯ ವೇಟಿಂಗ್ ಲಿಸ್ಟ್ ಆಫೀಸಿಗೆ ಫೋನ್ ಮಾಡಿ ತಮ್ಮ ಹೆಸರು ಪಟ್ಟಿಯಲ್ಲಿ ಇದೆಯೇ ಎಂದು ಖಚಿತ ಮಾಡಿಕೊಳ್ಳಲಿ. ವಿಳಾಸ ಬದಲಾಗಿ, ಫೋನ್ ಎತ್ತದೆ ಹೆಸರು ಬಿಟ್ಟುಹೋಗುವುದು ಉಂಟು. ಯಾರಾದರೂ ರದ್ದು ಮಾಡಿದರೆ ಎರಡೇ ದಿನದಲ್ಲಿ ಬರಲು ತಯಾರಿದ್ದೇನೆ ಎಂದು ಬರೆಸಲಿ. ನೋವು ಹೆಚ್ಚಿ ನಿದ್ದೆ ಬರದಿದ್ದರೆ, ಬಿದ್ದಿದ್ದರೆ, ಮೆಟ್ಟಿಲು ಹತ್ತಲಾಗದಿದ್ದರೆ ಅದನ್ನು ಜಿಪಿಗೆ ಹೇಳಿ ಸರ್ಜನ್‌ಗೆ ಮತ್ತೊಂದು ಪತ್ರ ಬರೆಸಲಿ. ನಮ್ಮ ಹಿರಿಯರು ಇಲ್ಲಿ 'ಪರವಾಗಿಲ್ಲ, ತಡೆದುಕೊಳ್ಳುತ್ತೇನೆ' ಎಂದುಬಿಡುತ್ತಾರೆ. ಡಾಕ್ಟರ್ ಅದನ್ನೇ ನಂಬಿ ಹಾಗೇ ಬರೆದುಕೊಳ್ಳುತ್ತಾರೆ.

ಫಿಸಿಯೋ ಹೇಳಿದ ತೊಡೆಯ ವ್ಯಾಯಾಮ ಬಿಡದೆ ಮಾಡಲಿ. ಆಪರೇಷನ್ ಆದ ಮೇಲೆ ಬೇಗ ಏಳುವುದು ಅದರಿಂದಲೇ. ಅವರಿಗೆ ಸಕ್ಕರೆ ಕಾಯಿಲೆ ಇದ್ದರೆ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಈಗಲೇ ಮಾಡಿಸಿ ಹತೋಟಿಗೆ ತಂದುಕೊಳ್ಳಲಿ. ವರ್ಷಗಟ್ಟಲೆ ಕಾದು, ಕೊನೆಗೆ ದಿನ ಗೊತ್ತಾದ ಮೇಲೆ ಸಕ್ಕರೆ ಜಾಸ್ತಿ ಇದೆ ಎಂದು ಆಪರೇಷನ್ ಮುಂದೆ ಹೋಗುವುದನ್ನು ನಾವು ವಾರ್ಡಿನಲ್ಲಿ ಪದೇ ಪದೇ ನೋಡುತ್ತೇವೆ.